ಪಹಣಿ ರೈತನ ಪ್ರಾಯೋಗಿಕ ಪರೀಕ್ಷೆ

ಹೆಮ್ಮೆ ಪಡುವುದಕ್ಕೆ ಮನುಷ್ಯನಿಗೆ ಏನಾದರೊಂದು ಇರಲೇಬೇಕು. ಕೆಲವರಿಗೆ ಕಾರು, ಕೆಲವರಿಗೆ ಅಳಿಯ, ಇನ್ನು ಕೆಲವರಿಗೆ ವಯಸ್ಸಾದರೂ ಅಲುಗಾಡದ ಹಲ್ಲು. ನನ್ನ ಬಳಿ ಇರುವುದು ಹಳೆಯ ಸ್ಕೂಟರು, ಅಳಿಯ ಬರುವುದಕ್ಕೆ ಇನ್ನೂ ಕಾಲವಿದೆ, ಹಲ್ಲಿನ ಮಾತು ಇಲ್ಲಿ ಬೇಡ. ನನಗಿದ್ದ ಒಂದೇ ಒಂದು ಹೆಮ್ಮೆ ಎಂದರೆ ನಾನು ರೈತ ಎಂಬುದು. ದಾವಣಗೆರೆಯ ಎಂ.ಸಿ.ಸಿ. 'ಬಿ' ಬ್ಲಾಕಿನಲ್ಲಿ ಪೆನ್ನು, ನೋಟ್‌ಬುಕ್ಕು, ಜೆರಾಕ್ಸಿನ ಅಂಗಡಿ ಇಟ್ಟುಕೊಂಡು ಫ್ಯಾನಿನ ಕೆಳಗೆ ಕೂತಿರುವವನು ರೈತ ಹೇಗಾದ ಎಂದು ನೀವು ಕೇಳಬಹುದು. ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಲ್ಲಿ ನಮ್ಮ ಮನೆತನದ ಗದ್ದೆ ಇದೆ. ಪಹಣಿಯಲ್ಲಿ ಅಣ್ಣನ ಹೆಸರಿನ ಜೊತೆ ನನ್ನ ಹೆಸರೂ ಇದೆ. ಉತ್ತು ಬಿತ್ತುವುದು ಅಣ್ಣನ ಕೆಲಸ. ಅವನ ಮೇಲೆ ನಿಗಾ ಇಡುವುದು ಅವ್ವನ ಕೆಲಸ. ಅದನ್ನೆಲ್ಲ ಊರ ಮುಂದೆ ಹೇಳಿಕೊಂಡು ಬರುವುದು ನನ್ನ ಕೆಲಸ. ಮೂರೂ ಸರಿಯಾಗಿ ನಡೆದರೇನೇ ಒಕ್ಕಲುತನ ಪೂರ್ತಿಯಾಗುವುದು ಎಂದು ನಾನು ಬಹಳ ವರ್ಷ ನಂಬಿದ್ದೆ.

ನನ್ನ ಪಾಲಿನ ಕೆಲಸದಲ್ಲಿ ನಾನು ಎಂದೂ ಮೈಗಳ್ಳತನ ಮಾಡಿದವನಲ್ಲ. ಸಂತೆಗೆ ಹೋದರೆ ಬದನೆಕಾಯಿಯನ್ನು ಎತ್ತಿ, ತಿರುಗಿಸಿ, ಬೆರಳಿನಿಂದ ತಟ್ಟಿ, 'ಇದಕ್ಕೆ ನೀರು ಜಾಸ್ತಿ ಆಗೈತೆ' ಎಂದು ಹೇಳಿ ಕೆಳಗಿಡುತ್ತಿದ್ದೆ. ಬದನೆಕಾಯಿ ತಟ್ಟಿದರೆ ಏನು ಗೊತ್ತಾಗುತ್ತದೆ ಎಂಬುದು ನನಗೂ ತಿಳಿಯದು, ಆದರೆ ತಟ್ಟುವವನ ಮುಖ ನೋಡಿ ಮಾರುವವರು ಸುಮ್ಮನಾಗುತ್ತಿದ್ದರು. ನಾಲ್ಕು ಹನಿ ಬಿದ್ದರೆ ಸಾಕು, ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು, 'ಭತ್ತಕ್ಕೆ ಒಳ್ಳೇದಾತು' ಎನ್ನುತ್ತಿದ್ದೆ. ಒಮ್ಮೆ ಹೀಗೆಯೇ ಅಂದಾಗ ನನ್ನ ಹೆಂಡತಿ ಗಿರಿಜಾ, ಅವಳು ದಾವಣಗೆರೆಯ ಬಟ್ಟೆ ವ್ಯಾಪಾರಿಯ ಮಗಳು, ಗದ್ದೆಯ ತಂಟೆಗೇ ಹೋಗದವಳು, ಒಳಗಿನಿಂದ ತಣ್ಣಗೆ ಹೇಳಿದಳು: "ಕೊಯ್ದು ಕಣದಾಗೆ ಹಾಕೀನಿ, ಮಳೆ ಬರದಿದ್ರೆ ಸಾಕು ಅಂತ ಬೆಳಿಗ್ಗೆ ತಾನೇ ನಿಮ್ಮಣ್ಣ ಫೋನ್ ಮಾಡಿದ್ರಲ್ರಿ." ಗಿರಾಕಿಗಳ ಮುಂದೆ ಹೀಗೆ ಹೇಳಬಾರದು ಎಂಬ ಸೂಕ್ಷ್ಮ ನಮ್ಮ ಮನೆಯಲ್ಲಿ ನನ್ನೊಬ್ಬನಿಗೇ ಇರುವುದು.

ನಮ್ಮ ಬೀದಿಯ ವಿಷಯ ಸ್ವಲ್ಪ ಹೇಳಬೇಕು. ಇಲ್ಲಿನ ಮನೆಗಳನ್ನು ಎರಡು ಜಾತಿಯಾಗಿ ವಿಂಗಡಿಸಬಹುದು: ಮಕ್ಕಳು ಸೆಕೆಂಡ್ ಪಿಯುಸಿಯಲ್ಲಿರುವ ಮನೆಗಳು, ಮತ್ತು ಅವರನ್ನು ನೋಡಿ ಅಯ್ಯೋ ಪಾಪ ಎನ್ನುವ ಮನೆಗಳು. ಮೊದಲ ಜಾತಿಯ ಮನೆಗಳಲ್ಲಿ ಸಂಕ್ರಾಂತಿ ಕಳೆದ ಮೇಲೆ ಟಿವಿಗೆ ಬಟ್ಟೆ ಹೊದಿಸುತ್ತಾರೆ. ಮದುವೆಯ ಕರೆಯೋಲೆ ಕೊಡಲು ಬಂದವರನ್ನು ಗೇಟಿನಲ್ಲೇ ಮಾತಾಡಿಸಿ ಕಳಿಸುತ್ತಾರೆ. ಕುಕ್ಕರ್ ಕೂಗಿದರೆ ಕುಕ್ಕರಿಗೇ ಗದರುತ್ತಾರೆ. ಬೀದಿಯಲ್ಲಿ ಎದುರಾದವರು 'ಊಟ ಆಯ್ತಾ' ಎಂದು ಕೇಳುವುದಿಲ್ಲ, 'ನೀಟಾ? ಸಿಇಟಿನಾ?' ಎಂದು ಕೇಳುತ್ತಾರೆ. ಮಾದರಿ ಪ್ರಶ್ನೆಪತ್ರಿಕೆಗಳೆಲ್ಲ ನನ್ನ ಜೆರಾಕ್ಸ್ ಯಂತ್ರದ ಹೊಟ್ಟೆಯಿಂದಲೇ ಹೊರಬರಬೇಕಾದ್ದರಿಂದ ಯಾರ ಮನೆಯ ಓದು ಎಲ್ಲಿಗೆ ಬಂತು ಎಂಬುದು ನನಗೆ ಗೊತ್ತಿರುತ್ತದೆ. ಬಹಳ ಜೆರಾಕ್ಸ್ ಮಾಡಿಸುವ ಮಕ್ಕಳು ಕಡಿಮೆ ಓದುತ್ತಾರೆ ಎಂಬ ನಿಯಮವನ್ನು ನಾನೇ ಕಂಡುಹಿಡಿದಿದ್ದೇನೆ. ಹೊಟ್ಟೆಪಾಡಿನ ಕಾರಣ ಅದನ್ನು ತಂದೆತಾಯಿಗಳಿಗೆ ಹೇಳಿಲ್ಲ.

ಹೀಗಿರುವಾಗ ನಮ್ಮ ಒಬ್ಬಳೇ ಮಗಳು ಸಹನಾ ಸೆಕೆಂಡ್ ಪಿಯುಸಿಗೆ ಬಂದಳು. ಬೀದಿಯವರೆಲ್ಲ ಅವಳನ್ನು ಆಗಲೇ ಡಾಕ್ಟರ್ ಮಾಡಿಟ್ಟಿದ್ದರು. ಒಂದು ಸಂಜೆ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂತಿದ್ದಾಗ ಅವಳು, "ಅಪ್ಪಾಜಿ, ನಂಗೆ ಮೆಡಿಕಲ್ ಬ್ಯಾಡ. ನಾನು ಬಿಎಸ್ಸಿ ಅಗ್ರಿ ಮಾಡ್ತೀನಿ" ಎಂದಳು. ಗಿರಿಜಾ ಮಿರ್ಚಿ ಕಡಿಯುವುದನ್ನು ನಿಲ್ಲಿಸಿದಳು. ನಾನು ಎದ್ದೇ ನಿಂತೆ. "ನೋಡಿದ್ಯಾ? ಎಲ್ಲಿಗೆ ಹೋಗತೈತೆ ಮನೆತನದ ರಕ್ತ!" ಎಂದೆ. ಸಹನಾ ರಕ್ತದ ವಿಷಯಕ್ಕೆ ಹೋಗದೆ ವಿವರಿಸಿದಳು. ಅಗ್ರಿ ಸೀಟಿಗೂ ಸಿಇಟಿ ಬರೆಯಬೇಕು. ರೈತರ ಮಕ್ಕಳಿಗೆಂದು ಬೇರೆ ಸೀಟುಗಳಿವೆ. ಆದರೆ ಅವು ಬೇಕಾದರೆ ಇನ್ನೊಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಕಳೆ, ಹುಳ, ಬೇಸಾಯದ ಸಾಮಾನು ಎಲ್ಲ ಇಟ್ಟಿರುತ್ತಾರೆ, ನೋಡಿ ಇದು ಇಂಥದ್ದು ಎಂದು ಗುರುತಿಸಬೇಕು. ನಿಜವಾದ ರೈತರ ಮಕ್ಕಳೋ, ಬರೀ ಕಾಗದದ ರೈತರ ಮಕ್ಕಳೋ ಎಂದು ತಿಳಿಯುವುದಕ್ಕೆ ಮಾಡಿದ ಉಪಾಯ ಅದು. "ಹಂಗಾರೆ ನಾವು ಆಗ್ಲೇ ಪಾಸು ಅಂತ ತಿಳ್ಕೊ," ಎಂದೆ. "ಥಿಯರಿ ನೀನು ನೋಡ್ಕೊ. ಪ್ರಾಕ್ಟಿಕಲ್ ನನಗೆ ಬಿಡು." ಪಾಪ, ಮಗು ನಂಬಿಬಿಟ್ಟಿತು.

ತಾಲ್ಲೂಕು ಕಚೇರಿಯಿಂದ ಬೇಕಾದ ಪ್ರಮಾಣಪತ್ರ ಸಿಕ್ಕಿತು. ನಾನು ತರಬೇತಿ ಶುರು ಮಾಡಿದೆ. ಬೀಜ ಹುಡುಕಿಕೊಂಡು ಊರಿಗೆ ಯಾಕೆ ಹೋಗಬೇಕು? ದೇವರ ದಯೆಯಿಂದ ನಮ್ಮ ಅಡುಗೆಮನೆಯೇ ಒಂದು ಕೃಷಿ ವಿಶ್ವವಿದ್ಯಾಲಯ. ಗಿರಿಜಾಳ ಡಬ್ಬಿಗಳನ್ನೆಲ್ಲ ಇಳಿಸಿ, ಊಟದ ಮೇಜಿನ ಮೇಲೆ ಸ್ಟೀಲ್ ತಟ್ಟೆಗಳನ್ನು ಸಾಲಾಗಿ ಜೋಡಿಸಿ, ಒಂದೊಂದರಲ್ಲೂ ಒಂದೊಂದು ಹಿಡಿ ಹಾಕಿದೆ. ತೊಗರಿ, ಉದ್ದು, ಹೆಸರು, ಕಡಲೆ, ಶೇಂಗಾ. ಭತ್ತದ ಜಾಗದಲ್ಲಿ ಅಕ್ಕಿ. ಸೂರ್ಯಕಾಂತಿ ಮನೆಯಲ್ಲಿ ಇರಲಿಲ್ಲ, ಎಣ್ಣೆ ಪ್ಯಾಕೆಟ್ಟಿನ ಮೇಲಿನ ಚಿತ್ರ ಕತ್ತರಿಸಿ ಇಟ್ಟೆ. ಹತ್ತಿಗಾಗಿ ಮೆಡಿಕಲ್ ಸ್ಟೋರಿಗೆ ಹೋಗಿ ನೀಲಿ ಕಾಗದ ಸುತ್ತಿದ ಹತ್ತಿಯ ಸುರುಳಿ ತಂದೆ. ಬೇಸಾಯದ ಸಾಮಾನುಗಳ ಚಿತ್ರಗಳನ್ನು ಫೋನಿನಿಂದ ಪ್ರಿಂಟ್ ತೆಗೆದೆ. ಅವುಗಳಲ್ಲಿ ಯಾವುದು ಕುಂಟೆ, ಯಾವುದು ಕೂರಿಗೆ ಎಂದು ನನಗೇ ಸ್ವಲ್ಪ ಗೊಂದಲ ಇದ್ದದ್ದರಿಂದ ಎರಡಕ್ಕೂ 'ನೇಗಿಲಿನ ಪ್ರಕಾರಗಳು' ಎಂದು ಬರೆದೆ. ಪರೀಕ್ಷೆಯಲ್ಲಿ ಒಂದು ಮೇಜಿನಿಂದ ಮುಂದಿನದಕ್ಕೆ ಹೋಗಲು ಗಂಟೆ ಬಾರಿಸುತ್ತಾರಂತೆ ಎಂದು ಯಾರೋ ಹೇಳಿದ್ದರು, ಅದಕ್ಕೆ ದೇವರ ಮನೆಯ ಗಂಟೆ ತಂದೆ. ನಾನು ಗಂಟೆ ಬಾರಿಸಿದಾಗಲೆಲ್ಲ ಗಿರಿಜಾ ಅಭ್ಯಾಸಬಲದಿಂದ ಒಳಗಿನಿಂದ ಕೈ ಮುಗಿದುಕೊಂಡು ಬಂದು, ನನ್ನನ್ನು ನೋಡಿ ಬೈದುಕೊಂಡು ಹೋಗುತ್ತಿದ್ದಳು.

ಮಗಳು ಚುರುಕು. ಎರಡು ಸಲ ನೋಡಿದ್ದನ್ನು ಮರೆಯುವವಳಲ್ಲ. ಉದ್ದು ಬೆಳ್ಳಗೆ, ತೊಗರಿ ಹಳದಿ, ಹೆಸರು ಚಪ್ಪಟೆ ಎಂದು ಬಾಯಿಪಾಠ ಮಾಡಿ ಪ್ರತಿಸಲವೂ ನೂರಕ್ಕೆ ನೂರು ತೆಗೆದಳು. ನಾನು ಬೀದಿಯಲ್ಲಿ ತಲೆ ಎತ್ತಿ ನಡೆದೆ. ಪಕ್ಕದ ಮನೆಯ ಇಂಜಿನಿಯರ್ ಸಾಹೇಬರು ತಮ್ಮ ಮಗನನ್ನು ನೀಟ್ ಕೋಚಿಂಗಿಗೆ ಬಿಟ್ಟು ಬರುವಾಗ ಮಗಳ ಕೋಚಿಂಗ್ ಎಲ್ಲಿ ಎಂದು ಕೇಳಿದರೆ, "ನಮ್ಮದು ಮನೆಯಲ್ಲೇ ಸಾರ್, ವಂಶಪಾರಂಪರ್ಯ" ಎನ್ನುತ್ತಿದ್ದೆ. ಗಿರಿಜಾ ಮಾತ್ರ ಸಾರು ಮಾಡಬೇಕೆಂದರೆ ಪರೀಕ್ಷಾ ಕೊಠಡಿಗೆ ಬಂದು ಬೇಳೆ ಕೇಳಬೇಕಾಗಿದೆ ಎಂದು ಗೊಣಗುತ್ತಿದ್ದಳು.

ಸಿಇಟಿ ಮುಗಿಯಿತು. ಕೀ ಉತ್ತರ ಬಂದಾಗ ಸಹನಾ ಲೆಕ್ಕ ಹಾಕಿದಳು. ಕೆಮಿಸ್ಟ್ರಿ ಕೈಕೊಟ್ಟಿತ್ತು. "ಇದೊಂದರಿಂದ ಸೀಟ್ ಸಿಗಲ್ಲ ಅಪ್ಪಾಜಿ. ಪ್ರಾಕ್ಟಿಕಲ್ ಚೆನ್ನಾಗಿ ಆದ್ರೆ ಮಾತ್ರ," ಎಂದಳು. "ಅದರ ಚಿಂತೆ ಬಿಡವ್ವಾ," ಎಂದು ಗಂಟೆ ಎತ್ತಿಕೊಂಡೆ. ಆ ಹೊತ್ತಿಗೆ ಸರಿಯಾಗಿ ಅವ್ವ ಬಂದಳು. ಹರಿಹರದಲ್ಲಿ ಬಸ್ಸು ಬದಲಿಸಿ, ಮೊಮ್ಮಗಳ ಪರೀಕ್ಷೆ ಮುಗಿಯಿತಲ್ಲ ಎಂದು ಹುರಿಗಡಲೆ ಉಂಡೆ ಕಟ್ಟಿಕೊಂಡು ಬಂದಿದ್ದಳು. ಅವ್ವ ನಮ್ಮ ಮನೆತನದ ಹೈಕಮಾಂಡ್. ಈ ವಯಸ್ಸಿನಲ್ಲೂ ಗದ್ದೆಯ ಬದುವಿನ ಮೇಲೆ ನಿಂತು ಕೂಗಿದರೆ ಆಚೆಯ ಗದ್ದೆಯವರೂ ಕೆಲಸ ಚುರುಕು ಮಾಡುತ್ತಾರೆ. ಅವಳು ಮೇಜಿನ ಹತ್ತಿರ ಬಂದು ಒಂದು ತಟ್ಟೆಗೆ ಬೆರಳಿಟ್ಟಳು.

"ಇದೇನಲೇ ಇದು?"

"ಉದ್ದು ಅವ್ವ. ಬೀಜ ಗುರುತಿಸೋದು ಕಲಿಸ್ತಿದೀನಿ."

"ಇದನ್ನ ಬಿತ್ತಿದ್ರೆ ಏನ್ ಬರತೈತೆ, ಹಪ್ಪಳನಾ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವ್ವ ಮುಂದಿನ ತಟ್ಟೆಗೆ ಹೋದಳು. "ಬ್ಯಾಳಿ ಐತಲ್ಲೋ ಇದೆಲ್ಲ! ಸಿಪ್ಪೆ ತೆಗೆದು ಒಡೆದಿದ್ದು! ಕಾಳೆಲ್ಲೈತೆ?" ಆಮೇಲೆ ಅವಳ ಕಣ್ಣು ಔಷಧಿ ಅಂಗಡಿಯ ಹತ್ತಿಯ ಮೇಲೆ ಬಿತ್ತು. "ಇದರ ಬೀಜ?" ಎಂದಳು. "ಫ್ಯಾಕ್ಟರಿಯಲ್ಲಿ ತೆಗೆದಿರ್ತಾರೆ," ಎಂದೆ. ಅವ್ವ ಕುರ್ಚಿ ಹಿಡಿದುಕೊಂಡು ಕೂತಳು. ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಗಿರಿಜಾ ಎಷ್ಟೋ ದಿನದಿಂದ ಹಿಡಿದಿಟ್ಟಿದ್ದ ನಗುವನ್ನೆಲ್ಲ ಒಟ್ಟಿಗೆ ಬಿಟ್ಟಳು. ನಾನೂ ನಗಬೇಕು ಅಂದುಕೊಂಡೆ. ಆದರೆ ಸಹನಾ ನಗಲಿಲ್ಲ. "ಅಪ್ಪಾಜಿ, ಅಲ್ಲಿ ಬೀಜ ಇಡ್ತಾರೆ. ನಾನು ಕಲ್ತಿದ್ದೆಲ್ಲ ಬೇಳೆ," ಎಂದಳು. ಬೈಯಲಿಲ್ಲ, ಅಳಲಿಲ್ಲ, ಅಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನ ಜಂಬಕ್ಕೆ ಮಗಳ ಸೀಟು ಹೋಗುತ್ತದಲ್ಲ ಎಂದುಕೊಳ್ಳುತ್ತ ತಟ್ಟೆಗಳ ಬೇಳೆಯನ್ನೆಲ್ಲ ಡಬ್ಬಿಗಳಿಗೆ ಸುರಿದು, ಗಂಟೆಯನ್ನು ದೇವರ ಮನೆಯಲ್ಲಿಟ್ಟು ಬಂದೆ.

ಬೆಳಿಗ್ಗೆ ಎದ್ದು ನೋಡಿದರೆ ಸಹನಾ ಬ್ಯಾಗು ತುಂಬಿಕೊಂಡು ತಯಾರಾಗಿದ್ದಳು. "ಅಜ್ಜಿ ಜೊತೆ ಊರಿಗೆ ಹೋಗ್ತೀನಿ," ಎಂದಳು. ನಾನು ಬಸ್ ಸ್ಟ್ಯಾಂಡಿನವರೆಗೆ ಬ್ಯಾಗು ಹೊತ್ತೆ. ಇಡೀ ತರಬೇತಿಯಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಊರಿನಲ್ಲಿ ಎಲ್ಲ ಸುಸೂತ್ರವಾಯಿತು ಎಂದು ನೀವು ತಿಳಿದರೆ ಅವ್ವನನ್ನು ನೀವು ಕಂಡಿಲ್ಲ ಎಂದರ್ಥ. ಭಾನುವಾರ ಅಂಗಡಿ ಮುಚ್ಚಿ ನೋಡಲು ಹೋದೆ. ಅಜ್ಜಿ ಮೊಮ್ಮಗಳು ಗದ್ದೆಯ ಬದುವಿನ ಮೇಲೆ ನಿಂತು ಜಗಳವಾಡುತ್ತಿದ್ದರು. ಅವ್ವನಿಗೆ ಕಾಳು ಕಣ್ಣು ಮುಚ್ಚಿಕೊಂಡರೂ ಗೊತ್ತು, ಆದರೆ ಪರೀಕ್ಷೆಗೆ ಬೇಕಾದ ಹೆಸರುಗಳು ಗೊತ್ತಿಲ್ಲ. ಯೂರಿಯಾ ಅವಳ ಲೆಕ್ಕದಲ್ಲಿ ಬಿಳಿ ಗೊಬ್ಬರ. ಡಿಎಪಿ ಕರಿ ಗೊಬ್ಬರ. ಪೊಟ್ಯಾಷ್ ಕೆಂಪು ಗೊಬ್ಬರ. ಎಲ್ಲ ಹುಳಕ್ಕೂ ಅವಳು ಇಟ್ಟಿದ್ದ ಹೆಸರು ಒಂದೇ, ಅದನ್ನು ಇಲ್ಲಿ ಬರೆಯುವಂತಿಲ್ಲ. ಕಳೆಯ ವಿಷಯಕ್ಕಂತೂ ರಾಜಿಯೇ ಇಲ್ಲ. "ಅಜ್ಜಿ, ಇದರ ಹೆಸರು ಹೇಳ್ಬೇಕು, ಬರೀ ಕಳೆ ಅಂದ್ರೆ ಮಾರ್ಕ್ಸ್ ಕೊಡಲ್ಲ," ಎಂದು ಸಹನಾ ಗೋಗರೆಯುತ್ತಿದ್ದಳು. "ಕಿತ್ತು ಬಿಸಾಕೋದಕ್ಕೆ ನಾಮಕರಣ ಯಾಕ ಮಾಡ್ಬೇಕು?" ಎಂದು ಅವ್ವ. ಕೊನೆಗೆ ಮಗಳೇ ದಾರಿ ಮಾಡಿಕೊಂಡಿದ್ದಳು. ಗಿಡ ಕಿತ್ತು ಅಜ್ಜಿಯನ್ನು ಕೇಳುವುದು, ಅವಳು ಹೇಳಿದ್ದನ್ನು ದೊಡ್ಡಪ್ಪನ ಹತ್ತಿರ ಖಾತ್ರಿ ಮಾಡಿಕೊಳ್ಳುವುದು, ಆಮೇಲೆ ಪುಸ್ತಕದಲ್ಲಿ ಅದಕ್ಕೆ ಏನನ್ನುತ್ತಾರೆ ಎಂದು ಹುಡುಕಿ ಎರಡು ಹೆಸರನ್ನೂ ಜೋರಾಗಿ ಹೇಳಿಕೊಳ್ಳುವುದು. ಅಣ್ಣನ ಅಟ್ಟದಿಂದ ಹಳೆಯ ಕೂರಿಗೆ ಇಳಿಸಿ ಅಂಗಳದಲ್ಲಿ ಇಟ್ಟಿದ್ದಳು. ಬೀಜ ಬಿತ್ತಲು ಮೇಲೆ ಬಟ್ಟಲಿರುವ ಅದನ್ನೂ ಪಕ್ಕದಲ್ಲಿದ್ದ, ಮಣ್ಣು ಹರಗುವ ಕುಂಟೆಯನ್ನೂ ನೋಡಿದ ಮೇಲೆ, ಇವೆರಡನ್ನೂ ನೇಗಿಲು ಅಂದವನು ಯಾರೋ ದೊಡ್ಡ ದಡ್ಡನೇ ಇರಬೇಕು ಅನ್ನಿಸಿತು. ಮಗಳ ಮುಖ ಬಿಸಿಲಿಗೆ ಕಪ್ಪಾಗಿತ್ತು. ದಾವಣಗೆರೆಯಲ್ಲಿ ಪ್ರಶ್ನೆಪತ್ರಿಕೆಗಳ ಮುಂದೆ ಕೂತಾಗ ಅವಳು ಹೀಗೆ ಗಟ್ಟಿ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ನೋಡಲೇ, ಮುದುಕೀಗೆ ಪರೀಕ್ಷೆ ಇಟ್ಟಾಳೆ ನಿನ್ನ ಮಗಳು," ಎಂದು ಅವ್ವ ದೂರಿದಳು. ದೂರುವಾಗ ಅವಳ ಮುಖ ಅರಳಿತ್ತು.

ಪರೀಕ್ಷೆಯ ದಿನ ಬಂತು. ಕೃಷಿ ಕಾಲೇಜಿನ ಆವರಣದಲ್ಲಿ ಅಪ್ಪಂದಿರ ಜಾತ್ರೆ. ಎಲ್ಲರೂ ಬಿಳಿ ಅಂಗಿ, ಕೆಲವರ ಹೆಗಲ ಮೇಲೆ ಹಸಿರು ಶಾಲು. ಎಷ್ಟೋ ಶಾಲುಗಳ ಅಂಗಡಿಯ ಮಡಿಕೆ ಇನ್ನೂ ಹೋಗಿರಲಿಲ್ಲ. ನನ್ನ ಶಾಲಿನದೂ ಹೋಗಿರಲಿಲ್ಲ. ಮರದ ನೆರಳಲ್ಲಿ ನಿಂತು ನಾವು ನಾವೇ ರೈತರ ಕಷ್ಟಸುಖ ಮಾತಾಡಿದೆವು. ಯಾರೂ ಆಳಕ್ಕೆ ಇಳಿಯಲಿಲ್ಲ. ಒಬ್ಬರು ತಳಿಯ ಮಾತೆತ್ತಿದರೆ ಇನ್ನೊಬ್ಬರು ಬಿಸಿಲಿನ ಮಾತಿಗೆ ತಿರುಗಿಸುತ್ತಿದ್ದರು. ನನಗೆ ಬಹಳ ಹಿತವಾಯಿತು, ಎಷ್ಟೋ ದಿನಗಳ ಮೇಲೆ ನನ್ನವರ ನಡುವೆ ನಿಂತಂತೆ.

ಕಾಗದಪತ್ರ ನೋಡುವ ಮೇಜಿನ ಹತ್ತಿರ ನಮ್ಮ ಸರದಿ ಬಂತು. ಅಲ್ಲಿದ್ದ ಅಧಿಕಾರಿ ಪಹಣಿ ತಿರುವಿ, ಕನ್ನಡಕದ ಮೇಲಿನಿಂದ ನನ್ನ ಶಾಲನ್ನು ನೋಡಿ, "ಗದ್ದೆ ಐತೇನ್ರಿ? ಈಗ ಏನ್ ಹಾಕೀರಿ?" ಎಂದು ಕೇಳಿದರು. "ಭತ್ತ," ಎಂದೆ, ಎದೆಯುಬ್ಬಿಸಿ. "ಈಗ ಯಾವ ಹದದಾಗೈತೆ?" ಎಂದರು. ಬಹಳ ವರ್ಷ ಬಾಯಿ ಬಿಟ್ಟರೆ ಭತ್ತ ಎಂದವನಿಗೆ ಆ ಭತ್ತ ಈ ಹೊತ್ತು ಹಸಿರಾಗಿದೆಯೋ ಹಳದಿಯಾಗಿದೆಯೋ ನೆನಪಾಗಲಿಲ್ಲ. ಕಣ್ಣಾರೆ ನೋಡಿ ಬಂದಿದ್ದೆ, ಆದರೆ ನೋಡಿದ್ದು ಮಗಳನ್ನೇ ಹೊರತು ಬೆಳೆಯನ್ನಲ್ಲ. ಹಿಂದಿನ ಸಾಲಿನ ಅಪ್ಪಂದಿರು ಕತ್ತು ಚಾಚಿದರು. ಸೀಟು ನನ್ನ ಕಣ್ಣ ಮುಂದೆಯೇ ಜಾರುತ್ತಿದೆ ಅನ್ನಿಸಿತು.

"ತೆನೆ ಹಾಲು ಕಟ್ಟಿ ಈಗ ಗಟ್ಟಿ ಆಗ್ಯಾವೆ ಸಾರ್," ಎಂದಳು ಸಹನಾ ನನ್ನ ಪಕ್ಕದಿಂದ. "ನಾಲೆ ನೀರು ತಡ ಆತು, ಅದಕ್ಕೆ ನಾಟಿ ಹಿಂದೆ ಬಿತ್ತು. ಈಗ ನೀರು ಕಟ್ಟೋದು ನಿಲ್ಸೀವಿ. ಮಳೆ ಬರದಿದ್ರೆ ಇನ್ನೊಂದು ವಾರದಾಗೆ ಕೊಯ್ಲು." ಹೇಳುವಾಗ ತಡವರಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು. "ಹೋಗವ್ವಾ, ಒಳಗ್ಹೋಗು," ಎಂದು ಕಾಗದಕ್ಕೆ ಮುದ್ರೆ ಒತ್ತಿದರು. ನನಗೆ ನಾಚಿಕೆಯಾಗಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಒಂದಿಷ್ಟೂ ಆಗಲಿಲ್ಲ. ಅಷ್ಟು ಜನರ ಮುಂದೆ ನನ್ನ ಮಗಳು ಗದ್ದೆಯ ಮಾತನ್ನು ಗದ್ದೆಯವಳ ಹಾಗೆ ಆಡಿದ್ದಕ್ಕೆ ಎದೆ ತುಂಬಿ ಬಂತು. ಹಿಂದೆ ನಿಂತಿದ್ದವರ ಕಡೆ ತಿರುಗಿ, "ನನ್ನ ಮಗಳು," ಎಂದೆ. ಅವರಿಗೆ ಅದು ಆಗಲೇ ಗೊತ್ತಿತ್ತು.

ಹೊರಗೆ ಬಂದವಳ ಮುಖ ನೋಡಿಯೇ ಗೊತ್ತಾಯಿತು. "ಬೇಳೆ ಒಂದೂ ಇರಲಿಲ್ಲ ಅಪ್ಪಾಜಿ," ಎಂದು ನಕ್ಕಳು. ಬೇಳೆ ವಿಷಯಕ್ಕೆ ಅವಳು ನಕ್ಕಿದ್ದು ಅದೇ ಮೊದಲು. ಆಮೇಲೆ ಫಲಿತಾಂಶ ಬಂತು, ಕೌನ್ಸೆಲಿಂಗ್ ಆಯಿತು, ರೈತರ ಮಕ್ಕಳ ಪಾಲಿನಲ್ಲಿಯೇ ಸೀಟು ಸಿಕ್ಕಿತು. ಅವ್ವ ಫೋನಿನಲ್ಲಿ, "ನನಗೂ ಅರ್ಧ ಸೀಟು ಬರಬೇಕು," ಎಂದಳು. ನಾನು ಬೀದಿಗೆಲ್ಲ ಪೇಡೆ ಹಂಚಿದೆ. ಇಂಜಿನಿಯರ್ ಸಾಹೇಬರು ಕೈ ಕುಲುಕಿ, "ನಮ್ಮ ಚಿಕ್ಕವನಿಗೂ ಅಗ್ರಿ ಆಸೆ ಐತೆ ಸಾರ್. ಮಗಳನ್ನ ಹೆಂಗೆ ತಯಾರ್ ಮಾಡಿದ್ರಿ?" ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗಿರಿಜಾ ಕಾಫಿ ತಂದಿಟ್ಟು, "ಹೇಳ್ರಿ, ನಿಮ್ಮ ಪದ್ಧತಿ ಹೇಳ್ರಿ," ಎಂದು ಅಲ್ಲೇ ನಿಂತಳು. ಹೀಗೆ ನಿಂತರೆ ಯಾರಿಗೆ ತಾನೇ ಏನು ಹೇಳಲು ಸಾಧ್ಯ?

ಮಗಳು ಈಗ ಹಾಸ್ಟೆಲಿನಲ್ಲಿದ್ದಾಳೆ. ಅಲ್ಲಿಗೆ ಹೋದ ಮೇಲೆ ಅವಳಿಗೊಂದು ಹೊಸ ಚಾಳಿ ಹತ್ತಿದೆ. ನನ್ನ ಫೋನಿಗೆ ಒಂದು ಫೋಟೊ ಕಳಿಸಿ 'ಇದೇನು ಹೇಳ್ರಿ ಅಪ್ಪಾಜಿ' ಎಂದು ಕೇಳುತ್ತಾಳೆ. ಎಲೆ, ಹೂವು, ಹುಳ, ಮಣ್ಣು, ಏನು ಬೇಕಾದರೂ ಬರಬಹುದು. ಜೆರಾಕ್ಸಿಗೆ ಬಂದವರನ್ನು ನಿಲ್ಲಿಸಿ ನಾನು ಯೋಚಿಸುತ್ತೇನೆ. ಒಮ್ಮೊಮ್ಮೆ ಗಿರಾಕಿಗಳೂ ಸೇರಿ ಯೋಚಿಸುತ್ತೇವೆ. ಉತ್ತರ ಸಾಮಾನ್ಯವಾಗಿ ತಪ್ಪಾಗುತ್ತದೆ. ಕಳೆದ ವಾರ ಬಂದ ಫೋಟೊದಲ್ಲಿ ಕೆಸರುಗದ್ದೆಯಲ್ಲಿ ಮೊಣಕಾಲವರೆಗೆ ಹೂತುಹೋದ ಎರಡು ಕಾಲುಗಳಿದ್ದವು. ಇದಕ್ಕೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. 'ನನ್ನ ಮಗಳ ಕಾಲು' ಎಂದು ಬರೆದು ಕಳಿಸಿ, ಅಂಗಡಿಯಲ್ಲಿದ್ದವರಿಗೆಲ್ಲ ಫೋಟೊ ತೋರಿಸಿ, ಅವ್ವನಿಗೂ ಅಣ್ಣನ ಫೋನಿಗೆ ಕಳಿಸಿದೆ. ಕಣ್ಣು ಯಾಕೋ ಮಂಜಾಗಿತ್ತು. ಅಷ್ಟರಲ್ಲಿ ಉತ್ತರ ಬಂತು: 'ತಪ್ಪು ಅಪ್ಪಾಜಿ. ಕಾಲಿನ ಪಕ್ಕ ಒಂದು ಗಿಡ ಐತೆ ನೋಡ್ರಿ, ನಾನು ಕೇಳಿದ್ದು ಅದನ್ನ.' ಫೋಟೊ ದೊಡ್ಡದು ಮಾಡಿ ನೋಡಿದೆ, ಗಿಡ ಇತ್ತು. ಯಾವ ಗಿಡ ಎಂದು ದೇವರಾಣೆಗೂ ಗೊತ್ತಾಗಲಿಲ್ಲ. ಉಳಿದ ಪ್ರಶ್ನೆಗಳಿಗೆ ಸೊನ್ನೆ ಕೊಟ್ಟರೆ ಕೊಡಲಿ, ನಾನು ಚಕಾರ ಎತ್ತುವುದಿಲ್ಲ. ಈ ಒಂದಕ್ಕೆ ಮಾತ್ರ ಮರುಮೌಲ್ಯಮಾಪನ ಕೇಳುವವನಿದ್ದೇನೆ.